ಬಾಯಾರದ ಬಾಯಿ

ಉಪ್ಪು ಮೊದಲು, ಮಾತು ನಡುವೆ, ನೀರು ಕೊನೆಗೆ. ಆ ಊರಿನ ಕೂಸುಗಳು ಅಮ್ಮ ಅನ್ನುವುದಕ್ಕೂ ಮುಂಚೆ ಕಲಿಯುತ್ತಿದ್ದದ್ದು ಇಷ್ಟು. ಊರಿಗೆ ಹೆಸರಿರಲಿಲ್ಲ. ಹೆಸರಿಟ್ಟರೆ ಊರಿನ ಮೇಲೆ ಮಾತಾಡಿದಂತಾಗುತ್ತದೆ, ಮಾತಾಡಿದವರು ಉಪ್ಪು ತಿನ್ನಬೇಕಾಗುತ್ತದೆ, ಊರಿಗೆ ಊರೇ ಬಂದು ಅವರಿಗೆ ನೀರು ಕುಡಿಸಬೇಕಾಗುತ್ತದೆ, ಯಾರಿಗೆ ಬೇಕು ಆ ರಗಳೆ ಅಂತ ಹಿಂದಿನವರು ಸುಮ್ಮನಾಗಿದ್ದರು.

ಊರ ನಡುವೆ ಕಟ್ಟೆ. ಕಟ್ಟೆಯ ಮೇಲೆ ಮರದ ಮರಿಗೆ. ಮರಿಗೆಯ ತುಂಬ ಕಲ್ಲುಪ್ಪು. ಇನ್ನೊಬ್ಬರ ವಿಷಯ ಆಡಬೇಕೆನ್ನುವವರು ಕಟ್ಟೆ ಹತ್ತಬೇಕು, ಚಿಟಿಕೆ ಉಪ್ಪನ್ನು ನಾಲಗೆಯ ಮೇಲಿಟ್ಟುಕೊಳ್ಳಬೇಕು, ಉಪ್ಪು ಕರಗುವುದರೊಳಗೆ ಮಾತು ಮುಗಿಸಬೇಕು. ಆಮೇಲೆ ಯಾರ ಮೇಲೆ ಮಾತಾಡಿದರೋ ಅವರ ಕೈಯ ನೀರು ಬಿಟ್ಟು ಬೇರೆ ನೀರು ಮುಟ್ಟುವಂತಿಲ್ಲ. ಮಾತು ನಿಜವಾದರೆ ಅವರೇ ತಂಬಿಗೆ ತಂದು, ತಲೆ ತಗ್ಗಿಸಿ ನೀರು ಹುಯ್ಯಬೇಕು. ಸುಳ್ಳಾದರೆ ಎಲ್ಲರೆದುರು ತಂಬಿಗೆಯನ್ನು ಬೋರಲು ಹಾಕಿ ಹೋಗಬೇಕು. ಆಡಿದವರಿಗೆ ಮರುದಿನ ಅದೇ ಹೊತ್ತಿನ ತನಕ ಒಣಗಿದ ಬಾಯಲ್ಲಿ ಕಟ್ಟೆಯೇ ಗತಿ. ನಿಜಕ್ಕೆ ನೀರು ಕೊಡದೆ ಠಕ್ಕು ಮಾಡಿದವರ ಮನೆಯಲ್ಲಿ ಗಡಿಗೆಯ ನೀರು ತಾನಾಗಿ ಉಪ್ಪಾಗುತ್ತಿತ್ತು. ಕುಂಬಾರನ ಮನೆಯಲ್ಲಿ ಒಂದು ಸಲ ಹಾಗಾಗಿ, ಅವರು ಮೂರು ತಿಂಗಳು ಸಾರಿಗೆ ಉಪ್ಪೇ ಹಾಕಲಿಲ್ಲ.

ಈ ಕಟ್ಟೆಯ ಮೇಲೆ ಎಲ್ಲರಿಗಿಂತ ಹೆಚ್ಚು ಉಪ್ಪು ತಿಂದವಳು ಒಬ್ಬ ಮುದುಕಿ. ಊರೆಲ್ಲ ಅವಳನ್ನು ಕಟ್ಟೆಯಜ್ಜಿ ಅಂತಿದ್ದರು. ಅವಳ ನಾಲಗೆ ಬೇಸಿಗೆಯ ಕೆರೆಯಂಗಳದ ಹಾಗೆ ಬಿರುಕು ಬಿಟ್ಟಿತ್ತು. ಯಾರ ಸೊಸೆ ಯಾರ ಹಿತ್ತಿಲಲ್ಲಿ ನಿಂತು ನಕ್ಕಳು, ಯಾರ ಮದುವೆಯ ಹೋಳಿಗೆಗೆ ಬೆಲ್ಲ ಕಮ್ಮಿಯಾಯಿತು, ಯಾವ ಸಂಭಾವಿತ ಯಾವ ಬೇಲಿ ಹಾರಿದ, ಎಲ್ಲವೂ ಅವಳಿಗೆ ಬೇಕು. ಆದರೆ ಅವಳು ಹೋಗುತ್ತಿದ್ದಳು, ನೋಡುತ್ತಿದ್ದಳು, ಮೂಸುತ್ತಿದ್ದಳು, ಬಾಗಿಲ ಸಂದಿಗೆ ಕಿವಿ ಒತ್ತುತ್ತಿದ್ದಳು. ಆಮೇಲೇ ಉಪ್ಪಿಗೆ ಕೈ. ಊರ ಯಜಮಾನ ಮೀಸೆಗೆ ಹಂಚಿನ ಮಸಿ ಬಳಿದುಕೊಳ್ಳುತ್ತಾನೆ ಅನ್ನುವುದನ್ನು ಹೊರಗೆ ಹಾಕಿದವಳೂ ಅವಳೇ. ಅವತ್ತು ಯಜಮಾನ ತಂಬಿಗೆ ತಂದು, ತಲೆ ತಗ್ಗಿಸಿ ನೀರು ಹುಯ್ಯುವಾಗ ಮೀಸೆಯಿಂದ ಕಪ್ಪು ಬೆವರು ತೊಟ್ಟಿಕ್ಕಿತು! ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಲವತ್ತು ವರ್ಷದಲ್ಲಿ ಅಜ್ಜಿಯ ಮುಂದೆ ತಂಬಿಗೆ ಬೋರಲು ಬಿದ್ದದ್ದು ಮೂರೇ ಸಲ. ಮೂರಕ್ಕೂ ಕಣ್ಣಿನ ಪೊರೆ ಕಾರಣ ಅಂತ ಅವಳ ವಾದ.

"ಸುಳ್ಳಾಡೋಕೆ ಧೈರ್ಯ ಬೇಡ ಕಣ್ರೇ, ಬಾಯಾರಿಕೆ ತಡೆಯೋ ಗಂಟಲು ಬೇಕು. ನನ್ನ ಗಂಟಲು ಬಲು ಸಣ್ಣದು," ಅಂತಿದ್ದಳು.

ಅವಳ ಓರಗೆಯವಳು ಇನ್ನೊಬ್ಬಳಿದ್ದಳು: ಬಾವಿಯವಳು. ಊರಿಗೆ ಇದ್ದದ್ದು ಒಂದೇ ಬಾವಿ, ಅದರ ಹಗ್ಗ ಅವಳ ಹೆಗಲ ಮೇಲೆ. ಹೊತ್ತು ಹುಟ್ಟಿದಾಗಿನಿಂದ ಸೇದುವುದು, ಬಂದವರ ಕೊಡ ತುಂಬುವುದು. ಇಬ್ಬರೂ ಒಂದೇ ದಿನ ಆ ಊರಿಗೆ ಸೊಸೆಯರಾಗಿ ಬಂದವರು. ಅಜ್ಜಿ ಬರಿಮೂಗಿನಲ್ಲಿ ಬಂದಳು, ಬಾವಿಯವಳು ಏಳು ಹರಳಿನ ಮೂಗುತಿ ಇಟ್ಟುಕೊಂಡು ಬಂದಳು. ಅವತ್ತಿನಿಂದ ದಿನಾ ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಒಂದೇ ಪಾಠ.

"ಏನೇ, ಇವತ್ತು ಯಾರ ಮನೆ ಹಾಳು ಮಾಡ್ತೀಯ?"

"ನಿನ್ನ ಮನೆ ಒಂದು ಬಿಟ್ಟು. ನಿನ್ನ ಮನೇಲಿ ಹಾಳಾಗೋಕಾದ್ರೂ ಏನಿದೆಯೇ?"

ಅದೇ ಅಜ್ಜಿಯ ಹೊಟ್ಟೆಯುರಿ. ನಲವತ್ತು ವರ್ಷ ಕಾದರೂ ಬಾವಿಯವಳ ಮೇಲೆ ಆಡಲು ಒಂದು ಮಾತು ಸಿಕ್ಕಿರಲಿಲ್ಲ. ಅವಳ ಬದುಕು ಅವಳ ನೀರಿನ ಹಾಗೇ ಇತ್ತು, ಬಣ್ಣವಿಲ್ಲ, ವಾಸನೆಯಿಲ್ಲ. ಅಜ್ಜಿ ತನ್ನೊಳಗೇ ಒಂದು ಮಾತು ಹೊಸೆದುಕೊಂಡಿದ್ದಳು: 'ಇವಳು ಬಾವಿಗೆ ಉಗಿದು ನೀರು ಸೇದುತ್ತಾಳೆ.' ಹೊಸೆದಳು, ಅಡಕೆಯ ಹಾಗೆ ದವಡೆಯಲ್ಲಿಟ್ಟುಕೊಂಡಳು, ಹೊರಗೆ ಹಾಕಲಿಲ್ಲ. ಯಾಕೆ ಅಂದರೆ ಅದು ಸುಳ್ಳು. ಸುಳ್ಳಿಗೆ ಉಪ್ಪು ತಿನ್ನುವ ಗಂಟಲು ಅವಳಿಗಿರಲಿಲ್ಲ.

ಹೀಗಿರುವಾಗ ಒಂದು ದಿನ ಜೋಳಿಗೆಯವನೊಬ್ಬ ಬಂದ. ಎಲ್ಲಿಂದ ಬಂದ ಅಂತ ಯಾರೂ ಕೇಳಲಿಲ್ಲ, ಜೋಳಿಗೆಯಿಂದ ಅವನು ತೆಗೆದದ್ದನ್ನು ನೋಡಿ ಕೇಳುವುದೇ ಮರೆತುಹೋಯಿತು. ಅದು ಕಂಚಿನ ಬಾಯಿ! ತುಟಿ ಇತ್ತು, ಹಲ್ಲಿತ್ತು, ನಾಲಗೆ ಇತ್ತು, ಎರಡು ಪಕ್ಕದಲ್ಲಿ ಎರಡು ಕಿವಿ ಇತ್ತು. ಕಣ್ಣಿರಲಿಲ್ಲ. ಕೈಯಿರಲಿಲ್ಲ. ಗಲ್ಲದ ಕೆಳಗೆ ಏನೂ ಇರಲಿಲ್ಲ.

"ನನಗೆ ದುಡ್ಡು ಬೇಡ, ಕಾಳು ಬೇಡ. ಮಾತು ಕೊಡಿ," ಅಂದ ಜೋಳಿಗೆಯವನು. "ಗೊತ್ತಿದ್ದದ್ದೆಲ್ಲ ಇದರ ಕಿವಿಗೆ ಹಾಕಿ. ಏಳು ದಿನ ಹಾಕಿದರೆ ಎಂಟನೇ ದಿನ ಇದೇ ಮಾತಾಡುತ್ತೆ, ಕೇಳಿದ್ದಕ್ಕೆಲ್ಲ ಉತ್ತರ ಹೇಳುತ್ತೆ."

"ಉಪ್ಪು?" ಯಜಮಾನ ಕೇಳಿದ.

"ಕಟ್ಟೆ ಮೇಲೆ ನಿಂತು ಆಡಿದರೆ ತಾನೇ ಉಪ್ಪು? ಕಿವೀಲಿ ಪಿಸುಗುಟ್ಟೋಕೆ ಯಾತರ ಉಪ್ಪು ಯಜಮಾನರೇ?"

ಊರಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೌದಲ್ಲ! ಹಿಂದಿನವರು ಕಿವಿಯ ವಿಷಯ ಏನೂ ಹೇಳಿರಲಿಲ್ಲ. ಅವರ ಕಾಲದಲ್ಲಿ ಕಿವಿ ಅಂದರೆ ಇನ್ನೊಬ್ಬ ಮನುಷ್ಯನದು.

ಏಳು ದಿನ ಜಾತ್ರೆಗಿಂತ ಹೆಚ್ಚಿನ ನೂಕುನುಗ್ಗಲು. ಲಾಲಿ ಹಾಡು ಹಾಕಿದರು, ಕಷಾಯದ ಸೊಪ್ಪಿನ ಹೆಸರು ಹಾಕಿದರು, ಅತ್ತೆಯ ಮೇಲಿನ ಸಿಟ್ಟು ಹಾಕಿದರು, ಹೇಳಬಾರದ ಪ್ರೀತಿ ಹಾಕಿದರು. ಉಪ್ಪಿಲ್ಲದ ಮಾತು, ಸರಸರ ಇಳಿಯುತ್ತಿತ್ತು. ಅಜ್ಜಿ ಮೊದಲು ಮೂಗು ಮುರಿದಳು. "ಕಣ್ಣಿಲ್ಲದ್ದಕ್ಕೆ ಏನು ಹೇಳೋದು, ನೋಡಿ ಬರೋಕೆ ಕಾಲೂ ಇಲ್ಲ." ನಾಲ್ಕನೆಯ ದಿನ ಜೋಳಿಗೆಯವನು ಅವಳ ಜಗಲಿಗೇ ಬಂದ.

"ಅಜ್ಜೀ, ಊರೆಲ್ಲ ಕೊಟ್ಟದ್ದು ಬರೀ ಬೇಳೆ. ಒಗ್ಗರಣೆ ನಿಮ್ಮದು. ನೀವು ಹಾಕದಿದ್ದರೆ ಇದು ಮಾತಾಡಿದರೂ ಯಾರು ಕೇಳ್ತಾರೆ?"

ಹೊಗಳಿಕೆ ಅನ್ನುವುದು ಮುದುಕಿಯರಿಗೆ ಬಿಸಿನೀರ ಸ್ನಾನ. ಅಜ್ಜಿ ಕರಗಿದಳು. ಮೂರು ದಿನ ಕೂತು ನಲವತ್ತು ವರ್ಷದ್ದನ್ನೆಲ್ಲ ಸುರಿದಳು, ಕೈ ತಿರುವಿ, ಕಣ್ಣು ಮಿಟುಕಿಸಿ, ಯಾರ ಧ್ವನಿ ಹೇಗೋ ಹಾಗೇ ಅನುಕರಿಸಿ. ಏಳನೆಯ ದಿನ ಹೇಳಲು ಇನ್ನೇನೂ ಉಳಿದಿರಲಿಲ್ಲ. ಕಂಚಿನ ಕಿವಿ ತೆರೆದೇ ಇತ್ತು. ಸುತ್ತ ಯಾರೂ ಇಲ್ಲ, ಉಪ್ಪಿಲ್ಲ, ತಂಬಿಗೆ ಇಲ್ಲ. ದವಡೆಯಲ್ಲಿ ನಲವತ್ತು ವರ್ಷ ಇಟ್ಟುಕೊಂಡಿದ್ದ ಅಡಕೆ ತಾನಾಗಿ ಹಾರಿ ಬಿತ್ತು: "ಬಾವಿಯವಳು ಬಾವಿಗೆ ಉಗಿದು ನೀರು ಸೇದ್ತಾಳೆ."

ಆಹಾ, ಎಷ್ಟು ಹಗುರ! ಅಜ್ಜಿ ಮನೆಗೆ ಹೋಗಿ ಎರಡು ಮುದ್ದೆ ಜಾಸ್ತಿ ಉಂಡಳು.

ಎಂಟನೆಯ ದಿನ ಜೋಳಿಗೆಯವನು ಬಾಯಿಯನ್ನು ಊರಿಗೇ ಬಿಟ್ಟು ಮುಂದಿನೂರಿನ ದಾರಿ ಹಿಡಿದ. ಬಾಯಿ ಮಾತಾಡಿತು. ಯಾರ ಧ್ವನಿಯಲ್ಲಿ ಅಂತೀರಿ? ಅಜ್ಜಿಯದೇ! ಅದೇ ಎಳೆತ, ಅದೇ ಕೊಂಕು, ಮಾತಿನ ಕೊನೆಗೆ ಅದೇ "ಅಲ್ವಾ ಮತ್ತೆ?" ಆದರೆ ಅಜ್ಜಿಯ ಹಾಗೆ ಬಯ್ಯುತ್ತಿರಲಿಲ್ಲ, ಎಲ್ಲರನ್ನೂ ಹೊಗಳುತ್ತಿತ್ತು. ಕುಂಬಾರನಿಗೆ "ನಿನ್ನ ಗಡಿಗೆಯಂಥ ಗಡಿಗೆ ಭೂಮಿ ಮೇಲಿಲ್ಲ" ಅಂದಿತು. ಯಜಮಾನನಿಗೆ "ನಿಮ್ಮ ಮೀಸೆ ಹುಟ್ಟುಗಪ್ಪು" ಅಂದಿತು. ಅವತ್ತೇ ಯಜಮಾನ ಅದಕ್ಕೆ ರೇಷ್ಮೆ ಹೊದಿಸಿದ. ಲಾಲಿ ಕೇಳಿದರೆ ಲಾಲಿ ಕಟ್ಟಿತು, ಜಗಳಕ್ಕೆ ಬೈಗುಳ ಕೇಳಿದರೆ ಬೈಗುಳ ಕಟ್ಟಿತು. ಹೆಂಡತಿಯ ಜೊತೆ ಮಾತು ಬಿಟ್ಟವರು ಅದರ ಜೊತೆ ಮಾತಾಡಿದರು. ಅಜ್ಜಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಹಿಗ್ಗಿದಳು: "ನನ್ನ ಧ್ವನಿ ಕಣ್ರೋ ಅದು!" ಹದಿನೈದು ದಿನ ಕಳೆದ ಮೇಲೆ ನೋಡುತ್ತಾಳೆ, ತನ್ನ ಜಗಲಿಗೆ ಯಾರೂ ಬರುತ್ತಿಲ್ಲ. ಅವಳ ಧ್ವನಿ ಇದ್ದ ಮೇಲೆ ಅವಳು ಯಾಕೆ?

ಆಮೇಲೆ ಬಾಯಿಯನ್ನು ಕಟ್ಟೆಯ ಮೇಲೆ ಕೂರಿಸಿದರು. ಕಟ್ಟೆ ಅಂದ ಮೇಲೆ ಉಪ್ಪು. ಯಜಮಾನನೇ ಚಿಟಿಕೆ ಉಪ್ಪನ್ನು ಅದರ ನಾಲಗೆಯ ಮೇಲಿಟ್ಟ. ಬಾಯಿ ಮಾತಾಡಿತು, ಮಾತಾಡಿತು, ಮಾತಾಡುತ್ತಲೇ ಇತ್ತು. ಸಂಜೆಯಾದರೂ ನೀರು ಕೇಳಲಿಲ್ಲ.

ಈ ಊರಿನವರು ಅಲ್ಲದೆ ಬೇರೆ ಯಾರೂ ಮಾಡದ ತಪ್ಪನ್ನು ಅವತ್ತು ಅವರು ಮಾಡಿದರು. ಸುಳ್ಳಾಡಿದವರಿಗೆ ಬಾಯಾರುತ್ತದೆ ಅಂತ ಅಜ್ಜಂದಿರ ಕಾಲದಿಂದ ಕಂಡವರು ಅವರು. "ಬಾಯಾರಲಿಲ್ಲ ನೋಡಿ!" ಅಂತ ಯಜಮಾನ ಕೂಗಿದ. "ಬಾಯಾರಲಿಲ್ಲ ಅಂದ ಮೇಲೆ ಇದು ಆಡೋದೆಲ್ಲ ನಿಜ!" ಊರು ಚಪ್ಪಾಳೆ ಹೊಡೆಯಿತು. ಇನ್ನು ಯಾರೂ ಹೋಗಿ ನೋಡಬೇಕಾಗಿಲ್ಲ, ಯಾರೂ ತಂಬಿಗೆ ಹಿಡಿದು ನಿಲ್ಲಬೇಕಾಗಿಲ್ಲ! ಅಜ್ಜಿಯೂ ಚಪ್ಪಾಳೆ ಹೊಡೆದಳು. ಎಲ್ಲರಿಗಿಂತ ಮೊದಲು ನಿಲ್ಲಿಸಿದಳು.

ಮಾತು ಮಾತಿಗೂ ಅದಕ್ಕೆ ಚಿಟಿಕೆ ಉಪ್ಪು ಹಾಕುತ್ತ ಹಲವು ದಿನ ಕಳೆದವು. ಒಂದು ಬೆಳಿಗ್ಗೆ ಕುಂಬಾರಗಿತ್ತಿ ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಬಂದಳು. "ಬಾಯಮ್ಮಾ, ನನ್ನ ಕೂಸು ಯಾಕೆ ಕೆಮ್ಮುತ್ತೆ?"

ಆ ಬಾಯಿಗೆ ಒಂದು ಚಾಳಿಯಿತ್ತು. ಗೊತ್ತಿಲ್ಲ ಅನ್ನುತ್ತಿರಲಿಲ್ಲ. ಎರಡು ಮಾತು ಸಿಕ್ಕರೆ ಮೂರನೆಯದನ್ನು ತಾನೇ ಹೆರುತ್ತಿತ್ತು. ಚಿಟಿಕೆ ಉಪ್ಪು ನುಂಗಿ ಅಜ್ಜಿಯ ಧ್ವನಿಯಲ್ಲಿ ಅಂದಿತು: "ಬಾವಿಯವಳು ಬಾವಿಗೆ ಉಗಿದು ನೀರು ಸೇದ್ತಾಳೆ. ಆ ನೀರು ಕುಡಿದ ಕೂಸು ಕೆಮ್ಮದೆ ಇನ್ನೇನು ಮಾಡುತ್ತೆ? ಅಲ್ವಾ ಮತ್ತೆ?"

ಗುಂಪಿನಲ್ಲಿದ್ದ ಅಜ್ಜಿ ಎರಡು ಹೆಜ್ಜೆ ಹಿಂದೆ ಸರಿದಳು.

"ಉಗುಳಿಗೇ ಇಷ್ಟು ಕೆಮ್ಮಾ?" ಅಂತ ಯಾರೋ ಕೇಳಿದರು.

"ಉಗುಳಲ್ಲಿ ವಿಷ ಇದೆ. ಅಮಾವಾಸ್ಯೆ ಅಮಾವಾಸ್ಯೆಗೆ ಕರಿಬೇರು ಅಗಿದು ಉಗೀತಾಳೆ. ಹದಿನೇಳು ವರ್ಷದಿಂದ."

"ಹದಿನೇಳು ಅಂತ ಬಿಡಿಸಿ ಹೇಳ್ತಲ್ರೀ! ಸುಳ್ಳಾದರೆ ಅಷ್ಟು ಕರಾರುವಾಕ್ಕಾಗಿ ಹೇಳೋಕಾಗುತ್ತಾ?"

ಬಾವಿಯವಳಿಗೆ ಸುದ್ದಿ ಹೋಯಿತು. ಅವಳು ಓಡಿ ಬರಲಿಲ್ಲ, ಅಳಲಿಲ್ಲ. ಹೆಗಲ ಹಗ್ಗ ಸರಿಮಾಡಿಕೊಂಡು, ತಂಬಿಗೆ ತುಂಬ ನೀರು ಹಿಡಿದು, ನಡುಬೀದಿಯಲ್ಲಿ ನಡೆದು ಬಂದಳು. ಕಂಚಿನ ಬಾಯಿಯ ಮುಂದೆ ನಿಂತಳು. ನಲವತ್ತು ವರ್ಷದಲ್ಲಿ ಮೊದಲ ಸಲ ಎತ್ತಿದ ತಂಬಿಗೆಯನ್ನು ಎಲ್ಲರೆದುರು ಬೋರಲು ಹಾಕಿದಳು. ನೀರು ಕಟ್ಟೆಯ ಮೆಟ್ಟಿಲಿಳಿದು ಮಣ್ಣು ಸೇರಿತು.

ಊರು ಬಾಯಿಯನ್ನೇ ನೋಡಿತು. ತುಟಿ ಒಣಗುತ್ತದೆಯೇ? ನಾಲಗೆ ಹೊರಗೆ ಬರುತ್ತದೆಯೇ? ಕಂಚು ಬಿಸಿಲಿಗೆ ಥಳಥಳ ಹೊಳೆಯುತ್ತಿತ್ತು.

"ಬಾಯಾರಲಿಲ್ಲ!" ಯಜಮಾನ ಅಂದ. "ತಂಬಿಗೆ ಬೋರಲು ಹಾಕಿದರೂ ಬಾಯಾರಲಿಲ್ಲ. ಬಾಯಿ ಆಡಿದ್ದು ನಿಜ, ಇವಳ ತಂಬಿಗೆ ಸುಳ್ಳು. ಹೊತ್ತು ಮುಳುಗೋದರೊಳಗೆ ಇವಳು ಊರ ಅಗಸೆಬಾಗಿಲು ದಾಟಬೇಕು."

ಅವಳ ಗಡಿಗೆಯ ನೀರು ಉಪ್ಪಾಗಿದೆಯೇ ಅಂತ ರುಚಿ ನೋಡಲು ವಿಷದ ಹೆದರಿಕೆಗೆ ಯಾರೂ ಹೋಗಲಿಲ್ಲ. ಅವಳ ಹೆಗಲಿನಿಂದ ಹಗ್ಗ ಇಳಿಸಿಕೊಂಡರು. ಬಾವಿಯ ಬಾಯಿಗೆ ಜಾಲಿಮುಳ್ಳಿನ ಕಂಟಿ ಹೊದಿಸಿದರು. ಬಾವಿಯವಳು ಮನೆಗೆ ಹೋಗುವಾಗ ಅಜ್ಜಿಯ ಜಗಲಿಯ ಮುಂದೆ ನಿಂತಳು.

"ಲೇ, ನೀನು ಆಡಿದ್ದಾ?"

"ನಾನಲ್ಲ ಕಣೇ. ಅದು ಆಡಿದ್ದು."

"ಧ್ವನಿ ನಿಂದು."

"ಧ್ವನಿ ನಂದು... ಉಪ್ಪು ತಿಂದಿದ್ದು ಅದು."

ಬಾವಿಯವಳು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನಲವತ್ತು ವರ್ಷ ನೀನು ಊರವರ ಮಾನ ಹರಾಜು ಹಾಕಿದೆ. ಆದರೂ ಹೊತ್ತು ಹುಟ್ಟಿದರೆ ನಿನ್ನ ಕೊಡಾನೇ ಮೊದಲು ತುಂಬ್ತಿದ್ದೆ. ಯಾಕೆ ಗೊತ್ತಾ? ಆಡಿದ ಮೇಲೆ ನೀನು ಕಟ್ಟೆ ಮೇಲೆ ಕೂತಿರ್ತಿದ್ದೆ. ಓಡಿಹೋಗ್ತಿರಲಿಲ್ಲ." ಅಷ್ಟೇ ಅಂದು ಹೋದಳು.

ಅಜ್ಜಿ ಒಲೆ ಮುಂದೆ ಕೂತಳು, ಹಿತ್ತಿಲಿಗೆ ಹೋದಳು, ಮತ್ತೆ ಒಲೆ ಮುಂದೆ ಬಂದು ಕೂತಳು. ಹೇಳಿದರೆ ಏನೇನು ಹೇಳಬೇಕು! ಉಪ್ಪಿಲ್ಲದೆ ಸುಳ್ಳು ಹಾಕಿದ್ದು ಹೇಳಬೇಕು. ಊರ ಬಾಯಿಗೆ ತಾನೇ ಬೀಳಬೇಕು. ಹೇಳದಿದ್ದರೆ? ಅಗಸೆಯಾಚೆ ಮೂರು ಹಗಲ ದಾರಿ, ನೆರಳಿಲ್ಲ, ನೀರಿಲ್ಲ, ಅರವತ್ತು ದಾಟಿದ ಹೆಂಗಸು. ಹೋದವರು ಮುಂದಿನೂರು ಮುಟ್ಟಿದ ಸುದ್ದಿ ಇದುವರೆಗೂ ಬಂದಿರಲಿಲ್ಲ.

ಇತ್ತ ಮಧ್ಯಾಹ್ನದ ಹೊತ್ತಿಗೆ ಊರಿನ ಗಡಿಗೆಗಳೆಲ್ಲ ತಳ ಕಂಡವು. ಬಾವಿಗೆ ಮುಳ್ಳು ಹಾಕುವ ಉತ್ಸಾಹದಲ್ಲಿ ನೀರಿನ ಯೋಚನೆ ಯಾರಿಗೂ ಬಂದಿರಲಿಲ್ಲ. ಯಜಮಾನ ಬಾಯಿಯನ್ನೇ ಕೇಳಿದ.

"ಪಡುವಣ ಗುಡ್ಡದ ಹಿಂದೆ ಏಳು ಕಲ್ಲಿನ ಬುಗ್ಗೆ ಇದೆಯಲ್ಲ ಯಜಮಾನರೇ," ಅಂದಿತು ಬಾಯಿ. "ಎಡಗಡೆ ಒಂದು ಅತ್ತಿಮರ. ನೀರು ಎಳನೀರಿನ ಹಾಗೆ."

ಗಂಡಸರೆಲ್ಲ ಕೊಡ ಹೊತ್ತು ಓಡಿದರು. ಗುಡ್ಡ ಇತ್ತು. ಅತ್ತಿಮರ ಇರಲಿಲ್ಲ, ಕಲ್ಲು ಒಂದೂ ಇರಲಿಲ್ಲ, ಬುಗ್ಗೆಯಂತೂ ಕೇಳಲೇಬೇಡಿ, ಓತಿಕ್ಯಾತ ಒಂದು ಬಿಸಿಲು ಕಾಯಿಸುತ್ತಿತ್ತು. ಖಾಲಿ ಕೊಡ ಹೊತ್ತು ವಾಪಸು ಬಂದವರು ಏನಂದರು ಗೊತ್ತೇ? "ನಾವೇ ದಾರಿ ತಪ್ಪಿದ್ವಿ!" ಅಂದರು. ನಾಲಗೆ ಅಂಗುಳಕ್ಕೆ ಅಂಟಿಕೊಂಡಿದೆ, ತುಟಿ ಸೀಳಿದೆ, ಆದರೂ ಬಾಯಿಯ ಮೇಲೆ ಒಂದು ಮಾತಿಲ್ಲ. ಊರಿನಲ್ಲಿ ಬಾಯಾರದೆ ಇದ್ದದ್ದು ಅದೊಂದೇ.

ಹೊತ್ತು ಬಾಗಿತು. ಬಾವಿಯವಳು ಅಗಸೆಯ ಕಡೆ ಹೊರಟಳು. ಊರು ಬಿಡುವವರು ಒಂದು ತಂಬಿಗೆ ನೀರು ಒಯ್ಯಬಹುದು ಅಂತ ಪದ್ಧತಿ, ಅದಕ್ಕೆ ದಾರಿನೀರು ಅಂತ ಹೆಸರು. ಮುಳ್ಳು ಹೊದಿಸುವ ಮುಂಚೆ ಸೇದಿಟ್ಟಿದ್ದ ಗಡಿಗೆಯ ಕೊನೆಯ ನೀರು ಅವಳ ಕೈಯ ತಂಬಿಗೆಯಲ್ಲಿತ್ತು. ಊರಿಗೆಲ್ಲ ಉಳಿದಿದ್ದ ನೀರು ಅದೊಂದು ತಂಬಿಗೆ. ಆದರೂ ಜನ ಪಕ್ಕಕ್ಕೆ ಸರಿದರು. "ವಿಷದ ನೀರು, ತುಳುಕೀತು, ದೂರ ನಿಲ್ರೋ!"

ಆಗ ಕಟ್ಟೆಯ ಕಡೆಯಿಂದ ಒಂದು ಕೂಗು ಬಂತು. ಅಜ್ಜಿಯ ಕೂಗು. ಜನ ಮೊದಲು ಬಾಯಿಯನ್ನು ನೋಡಿದರು. ಬಾಯಿ ಸುಮ್ಮನಿತ್ತು. ಇದು ಅಸಲಿ!

ಅಜ್ಜಿ ಸೆರಗು ಸೊಂಟಕ್ಕೆ ಬಿಗಿದು ಕಟ್ಟೆ ಹತ್ತಿದ್ದಳು. ಮರಿಗೆಗೆ ಕೈ ಹಾಕಿದಳು. ಚಿಟಿಕೆಯಲ್ಲ, ಹಿಡಿ! ತುಂಬಿದ ಹಿಡಿ ಕಲ್ಲುಪ್ಪನ್ನು ಬಾಯಿಗೆ ತುರುಕಿಕೊಂಡಳು. ಕೆನ್ನೆ ಉಬ್ಬಿತು, ಕಣ್ಣಲ್ಲಿ ನೀರು ಚಿಮ್ಮಿತು.

"ಕೇಳ್ರೋ ಎಲ್ಲ! ಈ ಬಾಯಿ ಸುಳ್ಳು ಆಡಿದೆ. ಆ ಸುಳ್ಳು ಅದರ ಕಿವಿಗೆ ಹಾಕಿದವಳು ನಾನು. ಬಾವಿಯವಳು ಯಾವತ್ತೂ ಬಾವಿಗೆ ಉಗಿದಿಲ್ಲ!"

ಅಬ್ಬಾ, ಅವತ್ತಿನ ಗದ್ದಲ! ಅಗಸೆಯಲ್ಲಿದ್ದವರೆಲ್ಲ ಕಟ್ಟೆಗೆ ಓಡಿ ಬಂದರು. ಬಾವಿಯವಳು ಹೋಗುತ್ತಿದ್ದವಳು ನಿಂತಳು.

"ಇದಕ್ಕೆ ಅರಳುಮರಳು," ಅಂದ ಯಜಮಾನ.

"ಮೀಸೆ ಒರೆಸಿಕೊಳ್ಳೋ, ಬೆವರಿಗೆ ಇಳೀತಿದೆ," ಅಂದಳು ಅಜ್ಜಿ. ಆಮೇಲೆ ಕಂಚಿನ ಬಾಯಿಯ ಕಡೆ ತಿರುಗಿದಳು. "ಲೇ ನನ್ನ ಧ್ವನೀ, ನೀನು ಆಡಿದ್ದು ಸುಳ್ಳು ಹೌದೋ ಅಲ್ಲವೋ?"

"ಹೌದಮ್ಮಾ, ನೀನು ಹೇಳೋದೇ ಸರಿ," ಅಂದಿತು ಬಾಯಿ.

ಯಜಮಾನ ಮುಂದೆ ನುಗ್ಗಿದ. "ಬಾಯಮ್ಮಾ, ನೀನು ಆಡಿದ್ದು ನಿಜ ತಾನೇ?"

"ಹೌದು ಯಜಮಾನರೇ, ನೀವು ಹೇಳೋದೇ ಸರಿ," ಅಂದಿತು ಬಾಯಿ, ಅದೇ ಸಕ್ಕರೆಯ ದನಿಯಲ್ಲಿ.

ಗುಂಪಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಕುಂಬಾರಗಿತ್ತಿ ಅಂದಳು, "ಇದೇನೇ ಇದು, ನನ್ನ ಗಂಡನ ಹಾಗೇ ಇದೆಯಲ್ಲ, ಅವರಮ್ಮ ಅಂದರೂ ಹೂಂ, ನಾನು ಅಂದರೂ ಹೂಂ!"

ಅಜ್ಜಿ ಎರಡು ಕೈಯಲ್ಲೂ ಬಾಯಿಯನ್ನು ಹಿಡಿದು ಕಟ್ಟೆಯಿಂದ ಮೇಲಕ್ಕೆತ್ತಿದಳು. ಗಲ್ಲದ ಕೆಳಗೆ ಏನೂ ಇರಲಿಲ್ಲವಲ್ಲ, ಅಲ್ಲಿಂದ ಸುರಿಯಿತು ನೋಡಿ ಉಪ್ಪು! ಇಷ್ಟು ದಿನ ನುಂಗಿದ ಉಪ್ಪೆಲ್ಲ, ಹರಳು ಹರಳಾಗಿ, ಒಂದೂ ನೆನೆಯದೆ, ಒಂದೂ ಕರಗದೆ, ಬರಬರ ಅಂತ ಕಟ್ಟೆಯ ಮೇಲೆ ರಾಶಿ ಬಿತ್ತು.

ಉಪ್ಪು ಕರಗುವುದರೊಳಗೆ ಮಾತು ಮುಗಿಸಬೇಕು ಅಂತ ಕಟ್ಟಳೆ. ಇದರ ಉಪ್ಪು ಕರಗಿಯೇ ಇರಲಿಲ್ಲ, ಅದಕ್ಕೇ ಇದರ ಮಾತು ಮುಗಿದೇ ಇರಲಿಲ್ಲ.

"ತಿಂದಿದ್ರೆ ತಾನೇ ಬಾಯಾರೋದು!" ಅಜ್ಜಿ ಅಂದಳು. ಅಷ್ಟರಲ್ಲಿ ಅವಳ ಗಂಟಲು ಕಟ್ಟಿತು. ಹಿಡಿಯುಪ್ಪು ಒಳಗೆ ಬೆಂಕಿ ಹಚ್ಚಿತ್ತು. ಅವಳು ಕಟ್ಟೆಯ ಮೇಲೆ ಕುಸಿದಳು, ಬಿಟ್ಟ ಬಾಯಿ ಬಿಟ್ಟೇ ಇತ್ತು.

ಬಾಯಿಯ ಮೇಲೆ ಆಡಿದ ಮಾತಿಗೆ ಬಾಯಿಯೇ ನೀರು ಕೊಡಬೇಕು. ಅದರ ಮುಂದೆ ಖಾಲಿ ತಂಬಿಗೆ ಇಟ್ಟರು. "ನೀರು ತಂಪು," ಅಂತ ಬಾಯಿ ಶುರು ಮಾಡಿತು. "ನೀರು ಗಂಟಲಲ್ಲಿ ಇಳಿಯುವಾಗ ಬೆಳದಿಂಗಳು ಇಳಿದ ಹಾಗೆ. ಗಡಿಗೆಯ ಮಣ್ಣಿನ ವಾಸನೆ, ಮೊದಲ ಗುಟುಕು, ಆಹಾ..." ಎಷ್ಟು ಚೆಂದ ಹೇಳಿತೆಂದರೆ ಕೇಳಿದವರ ಬಾಯೆಲ್ಲ ಇನ್ನಷ್ಟು ಒಣಗಿತು. ತಂಬಿಗೆಗೆ ಒಂದು ಹನಿ ಬೀಳಲಿಲ್ಲ.

"ಬಿಡ್ರೋ ದಾರಿ," ಅಂತ ಹಿಂದಿನಿಂದ ಒಂದು ದನಿ. ಬಾವಿಯವಳು. ಅಜ್ಜಿ ಅವಳ ಮೇಲೂ ಒಂದು ಮಾತು ಆಡಿದ್ದಳಲ್ಲ! ಅದು ನಿಜವಾದರೆ ನೀರು ಅವಳ ಕೈಯದು. ಆದರೆ ಕೈಯಲ್ಲಿರುವುದು ದಾರಿನೀರು. ಊರು ಮತ್ತೆ 'ಹೋಗು' ಅಂದರೆ ಮೂರು ಹಗಲಿಗೆ ಅದೇ ಆಧಾರ. ಅವಳು ಕಟ್ಟೆ ಹತ್ತಿ ತಂಬಿಗೆ ಎತ್ತಿದಳು. ಬಗ್ಗಿಸುತ್ತಾಳೋ, ಬೋರಲು ಹಾಕುತ್ತಾಳೋ? ಊರು ಕಣ್ಣು ಪಿಳುಕಿಸಲಿಲ್ಲ.

"ಮೂರು ಮಾತು ಆಡಿದೆ," ಅಂದಳು ಬಾವಿಯವಳು. "ನಾಲ್ಕನೇದು ಬಾಕಿ ಇದೆ. ಯಾಕೆ ಹಾಕಿದೆ ಸುಳ್ಳು? ಅದನ್ನೂ ಆಡು."

ಅಜ್ಜಿ ತಲೆ ಅಲ್ಲಾಡಿಸಿದಳು. ಕೈ ಮುಗಿದಳು. ಬಾವಿಯವಳು ತಂಬಿಗೆಯನ್ನು ಸ್ವಲ್ಪ ಆಚೆ ವಾಲಿಸಿದಳು.

"ಮೂಗುತಿ!" ಅಂತ ಅಜ್ಜಿ ಗೊಗ್ಗರು ದನಿಯಲ್ಲಿ ಕಿರುಚಿದಳು. "ನಿನ್ನ ಏಳು ಹರಳಿನ ಮೂಗುತಿ! ಮದುವೆಯಾಗಿ ಬಂದ ದಿನ ನನ್ನ ಗಂಡ ನಿನ್ನ ಮೂಗನ್ನೇ ನೋಡಿದ! ನಲವತ್ತು ವರ್ಷ ಹೊಟ್ಟೆ ಉರೀತು ಕಣೇ! ಸಾಕಾ?"

ಊರು ಹೋ ಅಂತ ನಕ್ಕಿತು. ನಲವತ್ತು ವರ್ಷದಲ್ಲಿ ಆ ಕಟ್ಟೆಯ ಮೇಲೆ ಇದಕ್ಕಿಂತ ರುಚಿಯಾದ ಸುದ್ದಿ ಬಿದ್ದಿರಲಿಲ್ಲ, ಅದೂ ಕಟ್ಟೆಯಜ್ಜಿಯದೇ!

"ಅವನು ಮೂಗು ನೋಡಲಿಲ್ಲ ಕಣೇ ಹುಚ್ಚಿ," ಅಂದಳು ಬಾವಿಯವಳು. "ನನ್ನ ಮೂಗುತಿ ಮೇಲೆ ನೊಣ ಕೂತಿತ್ತು." ತಂಬಿಗೆ ಬಗ್ಗಿಸಿದಳು.

"ಬೇಡ ಅಜ್ಜೀ, ವಿಷ!" ಅಂತ ಯಾರೋ ಕೂಗಿದರು. ಅಜ್ಜಿ ಕೇಳಿಸಿಕೊಳ್ಳಲಿಲ್ಲ. ಗಟಗಟ, ಗಟಗಟ, ಕೊನೆಯ ಹನಿಯವರೆಗೂ ಎಳೆದಳು. ಕಣ್ಣು ಮುಚ್ಚಿದಳು. ಹಿಂದಕ್ಕೆ ಒರಗಿದಳು.

"ಸತ್ತಳಾ?" ಪಿಸುಗುಟ್ಟಿದ ಯಜಮಾನ.

ಅಜ್ಜಿ ಊರಿಗೆಲ್ಲ ಕೇಳುವಂತೆ ತೇಗಿದಳು. "ನಿನ್ನ ತಿಥಿ ಊಟ ಉಂಡೇ ಸಾಯೋದು ನಾನು. ಮುಳ್ಳು ತೆಗೀರೋ, ಬಾಯಿ ಒಣಗಿ ನಿಂತಿದ್ದೀರಲ್ಲ ಕೋಡಂಗಿಗಳಾ!"

ಆಮೇಲೆ ನೋಡಬೇಕಿತ್ತು ಆ ಓಟ! ಮುಳ್ಳು ಚುಚ್ಚಿದ್ದೂ ಗೊತ್ತಾಗದೆ ಕಂಟಿ ಎಳೆದರು. ಹಗ್ಗ ತಂದು ಬಾವಿಯವಳ ಹೆಗಲಿಗೆ ಹಾಕಿದವನು ಯಜಮಾನನೇ. ಅವಳು ಎಲ್ಲರ ಕೊಡ ತುಂಬಿದಳು, ಅವನದನ್ನು ಕೊನೆಗೆ. ಕೂಸಿನ ಕೆಮ್ಮು ಏನು ಅಂತೀರಾ? ಅಜ್ಜಿ ಮರುದಿನ ಕುಂಬಾರನ ಮನೆಗೆ ನಡೆದು ಹೋಗಿ, ಮೂಸಿ ನೋಡಿ ಬಂದಳು. ತೊಟ್ಟಿಲು ಇದ್ದದ್ದು ಗಡಿಗೆ ಸುಡುವ ಆವಿಗೆಯ ಹೊಗೆಯ ಪಕ್ಕದಲ್ಲಿ.

ಬಾಯಿಯನ್ನು ಒಡೆಯಬೇಕು ಅಂತ ಸುತ್ತಿಗೆ ತಂದವರಿದ್ದರು. "ಒಡೀಬೇಡ್ರೋ, ಲಾಲಿ ಚೆನ್ನಾಗಿ ಹೇಳುತ್ತೆ," ಅಂದಳು ಅಜ್ಜಿ. "ಆದರೆ ಇದರ ಬಾಯಿಂದ ಮಾತು ಎತ್ತಿಕೊಂಡು ಹೋಗೋನು ಯಾರೋ, ಉಪ್ಪು ಅವನ ನಾಲಗೆ ಮೇಲೆ. ಇದು ಆಡ್ತು ನಾನಲ್ಲ ಅನ್ನೋ ಮಾತು ಈ ಊರಲ್ಲಿ ನಡೆಯೋಲ್ಲ. ಅದನ್ನ ನಾನೇ ಆಡಿ ನೋಡಿದ್ದೀನಿ." ಮೊದಲ ಚಿಟಿಕೆ ಯಜಮಾನನಿಗೆ ತಿನ್ನಿಸಿದರು. ಬಾವಿಯವಳ ಮೇಲೆ ತೀರ್ಪು ಕೊಟ್ಟವನು ಅವನಲ್ಲವೇ? ಅವಳು ತಂಬಿಗೆ ಬೋರಲು ಹಾಕಿದಳು. ಮರುದಿನ ಅದೇ ಹೊತ್ತಿನ ತನಕ ಕಟ್ಟೆಯ ಮೇಲೆ ಅವನು, ಪಕ್ಕದಲ್ಲಿ ಬಾಯಿ. "ನಿಮ್ಮ ಮೀಸೆ ಹುಟ್ಟುಗಪ್ಪು" ಅಂತ ಅದು ಅಂದಾಗಲೆಲ್ಲ ಅವನು ಕಿವಿ ಮುಚ್ಚಿಕೊಳ್ಳುತ್ತಿದ್ದನಂತೆ.

ಅವತ್ತಿನಿಂದ ಬಾಯಿಯ ಮುಂದಿನ ಸಾಲು ಗಿಡ್ಡವಾಯಿತು. ಲಾಲಿಗೆ ಬರುತ್ತಾರೆ, ಕಷಾಯಕ್ಕೆ ಬರುತ್ತಾರೆ. ಇನ್ನೊಬ್ಬರ ವಿಷಯಕ್ಕೆ ಬಂದವರು ಮರಿಗೆಯ ಕಡೆ ಒಂದು ಸಲ ನೋಡಿ, ಹೋಗಿ ಕಣ್ಣಾರೆ ಕಂಡೇ ಬರೋಣ ಅಂತ ಎದ್ದು ಹೋಗುತ್ತಾರೆ.

ಅಜ್ಜಿಗೆ ಬಾವಿಯವಳ ಮನೆಯ ಜಗಲಿ ರೂಢಿಯಾಯಿತು. ಮಧ್ಯಾಹ್ನವಾದರೆ ಎಲೆಯಡಕೆ ಚೀಲ ಹಿಡಿದು ಅಲ್ಲಿಗೇ. ನಲವತ್ತು ವರ್ಷ ದೂರದಿಂದ ಕಾದರೂ ಸಿಗದ ಮಾತು ನಾಲ್ಕೇ ದಿನ ಹತ್ತಿರ ಕೂತದ್ದಕ್ಕೆ ಸಿಕ್ಕಿತು. ಐದನೆಯ ಬೆಳಿಗ್ಗೆ ಅವಳು ಕಟ್ಟೆ ಹತ್ತಿ, ಚಿಟಿಕೆ ಉಪ್ಪನ್ನು ನಾಲಗೆಯ ಮೇಲಿಟ್ಟು ಕೂಗಿದಳು:

"ಕೇಳ್ರೋ! ಬಾವಿಯವಳು ಹಗಲು ಹೊತ್ತು ಮಲಗಿ ಕೋಣದ ಹಾಗೆ ಗೊರಕೆ ಹೊಡೀತಾಳೆ!"

ಬೀದಿಯ ತುದಿಯಲ್ಲಿ ಬಾವಿಯವಳು ಆಗಲೇ ಬರುತ್ತಿದ್ದಳು, ತಂಬಿಗೆ ತುಳುಕಿಸುತ್ತ, ತಲೆ ತಗ್ಗಿಸದೆ, ಮೂಗುತಿಯ ಏಳು ಹರಳೂ ನಗುತ್ತ.

"ಬಾಯಿ ತೆಗಿಯೇ ಮುದುಕಿ," ಅಂದಳು. "ನಿಜಾನೇ."